ಒಂದೂವರೆ ಗುಂಟೆ ಸೆಕ್

ಮೊನ್ನೆ ಶಾಲೆಯ ಶೋಕಸಭೆಯಲ್ಲಿ ಹೆಡ್‌ಮಾಸ್ತರರು, ನಮ್ಮ ಗಣಿತದ ಮಾಸ್ತರು ಜೀವಮಾನದಲ್ಲಿ ಒಮ್ಮೆಯೂ ಸಿಟ್ಟಿಗೆದ್ದವರಲ್ಲ ಎಂದುಬಿಟ್ಟರು. ಹೋದವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಬೇಕು, ಒಪ್ಪಿದೆ. ಹಾಗೆಂದು ಬಾಯಿಗೆ ಬಂದದ್ದನ್ನು ಹೇಳುವುದೇ? ಅವರು ಸಿಟ್ಟಿಗೆದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗದಗದ ಪೇಟೆಯಲ್ಲಿ, ಕ್ಯಾಲ್ಕುಲೇಟರ್ ಮಾರುವ ಅಂಗಡಿಯ ಮುಂದೆ, ಹಾದಿಯಲ್ಲಿ ಹೋಗುವವರು ನಿಂತು ನೋಡುವ ಹಾಗೆ ಸಿಟ್ಟಿಗೆದ್ದಿದ್ದರು. ಕಾರಣವೂ ಸಣ್ಣದಲ್ಲ. ಕ್ಯಾಲ್ಕುಲೇಟರಿನ ಮೇಲೆ ಸೆಕ್ ಎಂಬ ಗುಂಡಿ ಇರಲಿಲ್ಲ.

ಸೈನ್ ಇತ್ತು, ಕಾಸ್ ಇತ್ತು, ಟ್ಯಾನ್ ಇತ್ತು. ಮಾಸ್ತರು ಅದನ್ನು ತಿರುಗಿಸಿ ಮುರುಗಿಸಿ, ಹಿಂದಿನ ಬ್ಯಾಟರಿ ಮುಚ್ಚಳವನ್ನೂ ತೆಗೆದು ನೋಡಿದರು. ಅಂಗಡಿಯವನು ಸಜ್ಜನ. ಸೈನ್ಸ್ ಓದಿದವನೂ ಇರಬೇಕು. ಒಂದನ್ನು ಕಾಸ್‌ನಿಂದ ಭಾಗಿಸಿದರೆ ಸೆಕ್ ತಾನೇ ಬರುತ್ತದೆ, ಅದಕ್ಕೆ ಬೇರೆ ಗುಂಡಿ ಯಾಕೆ ಎಂದು ಮರ್ಯಾದೆಯಿಂದಲೇ ಹೇಳಿದ. ಅಷ್ಟೇ ಸಾಕಾಯಿತು.

"ನಿಮ್ಮ ಮನಿಗೆ ಬೀಗರು ಬಂದ್ರ ಏನಂತೀರಿ? ಬಾಜೂ ಮನ್ಯಾಗ ಹೊಕ್ಕು, ತಲೆಕೆಳಗಾಗಿ ನಮ್ಮ ಮನಿಗೆ ಬರ್ರಿ ಅಂತೀರೇನು?" ಎಂದು ಕೇಳಿದರು ಮಾಸ್ತರು. ಅಂಗಡಿಯವನು ನನ್ನ ಮುಖ ನೋಡಿದ. ನಾನು ಮೇಲೆ ತೂಗುಹಾಕಿದ್ದ ಟಾರ್ಚುಗಳನ್ನು ನೋಡುತ್ತ ನಿಂತೆ. ಇಂಥ ಹೊತ್ತಿನಲ್ಲಿ ಅವರ ಜೊತೆಗೆ ಬಂದವನು ನಾನಲ್ಲ ಎಂಬಂತೆ ನಿಲ್ಲುವುದನ್ನು ನಾನು ಬಹಳ ವರ್ಷಗಳಿಂದ ರೂಢಿ ಮಾಡಿಕೊಂಡಿದ್ದೆ.

ಲಕ್ಷ್ಮೇಶ್ವರದ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ, ಅವರು ಗಣಿತ. ಸ್ಟಾಫ್ ರೂಮಿನಲ್ಲಿ ಇಬ್ಬರಿಗೂ ಒಂದೇ ಬೆಂಚು. ಗಣಿತಕ್ಕೂ ನನಗೂ ಮೊದಲಿಂದ ಅಷ್ಟಕ್ಕಷ್ಟೆ. ಆದರೂ ಈ ಸೆಕ್ ಏನೆಂಬುದು ನನಗೆ ಗೊತ್ತಾಗಿಹೋಗಿತ್ತು, ಯಾಕೆಂದರೆ ಅವರ ತರಗತಿಯ ಗೋಡೆಗೆ ನನ್ನ ತರಗತಿಯ ಗೋಡೆ ಅಂಟಿಕೊಂಡಿತ್ತು. ನಾನು ಈ ಕಡೆ ಸಂಧಿ ಬಿಡಿಸುತ್ತಿದ್ದರೆ ಆ ಕಡೆಯಿಂದ ಅವರ ದನಿ ಬರುತ್ತಿತ್ತು. "ಇಬ್ಬರು ಮನಶ್ಯಾರು ಹೊಂಟಾರ. ಒಬ್ಬಾಂವ ಸಪಾಟ ನೆಲದ ಮ್ಯಾಲ ನಡೀತಾನ, ಇನ್ನೊಬ್ಬಾಂವ ಗುಡ್ಡ ಏರ್ತಾನ. ಆಕಾಶದಾಗಿಂದ ನೋಡಿದ್ರ ಇಬ್ಬರೂ ಅಷ್ಟ ದೂರ ಹೋಗ್ಯಾರ. ಆದರ ಏರಿದಾಂವ ಹೆಚ್ಚು ನಡದಾನೋ ಇಲ್ಲೋ? ಎಷ್ಟು ಪಟ್ಟು ಹೆಚ್ಚು ನಡದಾ, ಅದ ಸೆಕ್." ನನ್ನ ಮಕ್ಕಳು ಸಂಧಿ ಬಿಟ್ಟು ಇದನ್ನು ಕಲಿತುಕೊಂಡು ಹೋಗುತ್ತಿದ್ದರು.

ಹಳೆಯ ಗಣಿತ ಕೋಷ್ಟಕದ ಪುಸ್ತಕದಲ್ಲಿ ಸೆಕ್‌ಗೆ ತನ್ನದೇ ಪುಟಗಳಿದ್ದವಂತೆ. ಎಷ್ಟು ಡಿಗ್ರಿಗೆ ಎಷ್ಟು ಸೆಕ್ ಎಂಬುದೆಲ್ಲ ಅವರಿಗೆ ಬಾಯಿಪಾಠ. ಅಂಥದ್ದಕ್ಕೆ ಈಗ ಒಂದು ಗುಂಡಿಯ ಜಾಗವೂ ಇಲ್ಲವಲ್ಲ ಎಂಬುದು ಅವರ ಸಂಕಟ. ಸೈನ್, ಕಾಸ್, ಟ್ಯಾನ್‌ಗಳ ಬಗ್ಗೆ ಮಾತಾಡುವಾಗ ಅವರ ದನಿ ಊರ ದೊಡ್ಡಸ್ತಿಕೆಯವರ ಬಗ್ಗೆ ಮಾತಾಡುವವರಂತೆ ಒಣಗಿರುತ್ತಿತ್ತು. ಸೆಕ್ ಎಂದರೆ ಮಾತ್ರ ಮೆತ್ತಗಾಗುತ್ತಿತ್ತು. ಪರೀಕ್ಷೆಯಲ್ಲಿ ಸೆಕ್ ಮೇಲೆ ಪ್ರಶ್ನೆ ಬಾರದ ವರ್ಷ ಅವರು ಪ್ರಶ್ನೆಪತ್ರಿಕೆಯನ್ನು ಮಡಚಿ ಕಿಸೆಗಿಟ್ಟು, ನೇರ ಮನೆಗೆ ಹೋಗುತ್ತಿದ್ದರು.

ತೊಂಬತ್ತು ಡಿಗ್ರಿಯ ಸೆಕ್ ಕಲಿಸುವ ದಿನವಂತೂ ನೋಡುವಂತಿರುತ್ತಿತ್ತು. ಎಂಬತ್ತೆಂಟು ಬರೆದು, ಎಂಬತ್ತೊಂಬತ್ತು ಬರೆದು, ತೊಂಬತ್ತು ಬರೆದು, ಅದರ ಮುಂದೆ ಏನೂ ಬರೆಯದೆ ಸೀಮೆಸುಣ್ಣ ಕೆಳಗಿಡುತ್ತಿದ್ದರು. ಕೈ ಒರೆಸಿಕೊಂಡು ತರಗತಿಯಿಂದ ಹೊರಗೆ ನಡೆದುಬಿಡುತ್ತಿದ್ದರು. ಹುಡುಗರು ಅರ್ಧ ತಾಸು ಬೋರ್ಡು ನೋಡುತ್ತ ಕೂಡಬೇಕು. ಒಂದು ವರ್ಷ ತಪಾಸಣೆಗೆ ಬಂದ ಸಾಹೇಬರು ಇದನ್ನು ನೋಡಿ, ಮಾಸ್ತರು ಎಲ್ಲಿ ಎಂದು ಕೇಳಿದರಂತೆ. ಹುಡುಗರೆಲ್ಲ ಎದ್ದು ನಿಂತು, "ಗೋಡಿ ಏರಾಕ ಹೋಗ್ಯಾರ್ರಿ, ದಾರಿ ಮುಗಿಯಂಗಿಲ್ಲ" ಎಂದರು. ಅದೇ ಅವರು ಕಲಿಸಿದ ಉತ್ತರ. ಉತ್ತರ ಸರಿಯಾಗಿಯೇ ಇತ್ತು, ಆದರೆ ಸಾಹೇಬರ ವರದಿಯಲ್ಲಿ ಏನು ಬಂತೆಂದು ಕೇಳಬೇಡಿ.

ಯಳವತ್ತಿಯಲ್ಲಿ ನಮ್ಮ ಸಹೋದ್ಯೋಗಿಯೊಬ್ಬರ ಮಗಳ ಮದುವೆ. ಹಂದರಕ್ಕೆ ಸೀರಿಯಲ್ ಲೈಟ್ ಕಟ್ಟುತ್ತಿದ್ದವರು ಏಣಿಯನ್ನು ಗೋಡೆಗೆ ಒರಗಿಸಿ ಬಿಟ್ಟಿದ್ದರು. ಅಕ್ಕಿಕಾಳು ಕೈಯಲ್ಲಿ ಹಿಡಿದು ಒಳಗೆ ಹೊರಟ ಮಾಸ್ತರು ಏಣಿ ನೋಡಿ ನಿಂತೇಬಿಟ್ಟರು. ಬುಡ ಗೋಡೆಯಿಂದ ಎಷ್ಟು ದೂರ, ಏಣಿ ಎಷ್ಟು ಓರೆ, ಹಾಗಾದರೆ ಉದ್ದ ಎಷ್ಟು. ಒಳಗೆ ಗಟ್ಟಿಮೇಳ ಆಯಿತು. ನಾನು ಬಂದು ಕರೆದರೆ, "ತಡೀರಿ, ಒಂದ ಮೆಟ್ಟಿಲು ಲೆಕ್ಕಕ್ಕ ಹತ್ತವಲ್ದು" ಎಂದರು. ತಾಳಿ ಕಟ್ಟಿ ಆಗಿ, ಜನ ಊಟಕ್ಕೆ ಕೂತ ಮೇಲೆ ಅವರಿಗೆ ಕೈಯಲ್ಲಿದ್ದ ಅಕ್ಕಿಕಾಳಿನ ನೆನಪಾಯಿತು. ಎಲ್ಲಿ ಹಾಕುವುದು? ಅತ್ತ ಇತ್ತ ನೋಡಿ, ಏಣಿಯ ಮೇಲೆಯೇ ಹಾಕಿ ಕೈಮುಗಿದರು.

ಇಂಥ ಮನುಷ್ಯ ಇಷ್ಟರಲ್ಲೇ ನಕ್ಕೊಂಡು ಹೋಗಿದ್ದರೆ ನಾನೂ ಇಲ್ಲಿಗೆ ಮುಗಿಸುತ್ತಿದ್ದೆ. ಆದರೆ ಅವರಿಗೆ ಒಬ್ಬ ಅಣ್ಣನಿದ್ದ, ಡಂಬಳದಲ್ಲಿ. ಇಬ್ಬರಿಗೂ ಸೇರಿ ಕಪ್ಪತಗುಡ್ಡದ ಬುಡದಲ್ಲಿ ಎಂಟು ಎಕರೆ ಹೊಲವಿತ್ತು.

ಅಣ್ಣನೆಂದರೆ ಮಾಸ್ತರಿಗೆ ಪ್ರಾಣ. ವಾರಕ್ಕೊಮ್ಮೆಯಾದರೂ ಫೋನಿನಲ್ಲಿ ಮಾತಾಡಬೇಕು. ಮಾತೇನು ಮಹಾ? ಮಳೆ ಆತೇನು, ಎಮ್ಮಿ ಈತೇನು, ಇಷ್ಟೇ. ಆದರೆ ಆ ಮಾತು ಆಗದಿದ್ದರೆ ಮಾಸ್ತರಿಗೆ ಅನ್ನ ಸೇರುತ್ತಿರಲಿಲ್ಲ. ಮಕ್ಕಳು ದೊಡ್ಡವರಾದ ಮೇಲೆ ಹೊಲ ಪಾಲು ಮಾಡಿಕೊಳ್ಳುವ ಮಾತು ಬಂತು. ಆಗ ಇವರು ಸ್ಟಾಫ್ ರೂಮಿನಲ್ಲಿ ನನ್ನ ಕೈ ಹಿಡಿದು ಹೇಳಿದ್ದರು: "ಊರಾಗ ನೋಡೇನ್ರಿ ಸರ್, ಹಿಸ್ಸೆ ಆದ ಮ್ಯಾಲ ಅಣ್ಣತಮ್ಮರು ಮುಖಾ ನೋಡಂಗಿಲ್ಲ. ನಮ್ಮಣ್ಣ ನನ್ನ ಜೋಡಿ ಮಾತು ಬಿಟ್ರ ನಾ ಬದುಕಂಗಿಲ್ಲ. ಅದಕ್ಕ ಕೂದಲೆಳಿಯಷ್ಟೂ ಹೆಚ್ಚುಕಮ್ಮಿ ಆಗಬಾರದು."

ಅವರ ಮನೆಯ ಪದ್ಧತಿಯಲ್ಲಿ ಹಿರಿಯನು ಪಾಲು ಹಾಕಬೇಕು, ಕಿರಿಯನು ಮೊದಲು ಆರಿಸಬೇಕು. ಅಣ್ಣ ಎಂಟು ಎಕರೆಯನ್ನು ಸರಿಯಾಗಿ ನಾಲ್ಕು ನಾಲ್ಕು ಎಕರೆ ಮಾಡಿದ. ಕೆಳಗಿನ ನಾಲ್ಕು ಸಪಾಟು, ನೀರು ನಿಲ್ಲುವ ನೆಲ. ಮೇಲಿನ ನಾಲ್ಕು ಗುಡ್ಡದ ಇಳಿಜಾರು. ತಮ್ಮ ಸಪಾಟದ್ದನ್ನೇ ಆರಿಸುತ್ತಾನೆ, ಆರಿಸಲಿ ಎಂದು ಅವನ ಎಣಿಕೆ. ಮಾಸ್ತರು ಸಪಾಟದ್ದನ್ನು ಅಣ್ಣನಿಗೆ ಉಳಿಸಬೇಕೆಂದು ಇಳಿಜಾರನ್ನು ಆರಿಸಿಕೊಂಡುಬಿಟ್ಟರು. ಅಣ್ಣನ ಮುಖ ಅಂದೇ ಸ್ವಲ್ಪ ಕಪ್ಪಿಟ್ಟಿತು. ಹಿರಿಯನು ತಮ್ಮನಿಗೆ ಗುಡ್ಡ ತೋರಿಸಿ ತಾನು ಬಯಲು ಇಟ್ಟುಕೊಂಡ ಎಂದು ಊರು ಆಡುತ್ತದಲ್ಲ ಎಂಬುದು ಅವನ ಚಿಂತೆ. ಆದರೂ ಪದ್ಧತಿ ಪದ್ಧತಿಯೇ, ಸುಮ್ಮನಾದ.

ಸುಮ್ಮನಾಗದವರು ನಮ್ಮವರು. ಎರಡು ವಾರದ ನಂತರ ಒಂದು ಬೆಳಿಗ್ಗೆ ನನ್ನ ಮನೆಗೆ ಬಂದರು. ಕೈಯಲ್ಲಿ ಬೋರ್ಡಿನ ಮೇಲೆ ಕೋನ ಅಳೆಯುವ ದೊಡ್ಡ ಕಟ್ಟಿಗೆಯ ಕೋನಮಾಪಕ. ಮುಖದಲ್ಲಿ ರಕ್ತವಿಲ್ಲ. "ಸರ್, ಅನ್ಯಾಯ ಆಗೈತಿ" ಎಂದರು. ನಾನು ಗಾಬರಿಯಾಗಿ ನೀರು ಕೊಟ್ಟೆ. ನೀರು ಕುಡಿದು ಹೇಳಿದ್ದು ಇದು: ನಕಾಶೆಯವರು ಹೊಲವನ್ನು ಆಕಾಶದಿಂದ ನೋಡಿದಂತೆ ಸಪಾಟಾಗಿ ಅಳೆಯುತ್ತಾರೆ. ಅಣ್ಣನ ನಾಲ್ಕು ಎಕರೆ ನಾಲ್ಕೇ ಎಕರೆ. ಆದರೆ ತನ್ನದು ಓರೆ. ಓರೆಯ ಮೈ ನಕಾಶೆಗಿಂತ ದೊಡ್ಡದು. ಎಷ್ಟು ಪಟ್ಟು ದೊಡ್ಡದು? ಇಳಿಜಾರಿನ ಕೋನದ ಸೆಕ್‌ನಷ್ಟು. ಅಂದರೆ ಅಣ್ಣನಿಗಿಂತ ತನಗೆ ಹೆಚ್ಚು ಭೂಮಿ ಬಂದಿದೆ.

ಜೋಳದ ದಂಟು ಗುಡ್ಡದ ಮೇಲೂ ನೆಟ್ಟಗೇ ನಿಲ್ಲುತ್ತದೆ ಮಾರಾಯರೆ, ಓರೆಯಾದರೆ ಹೆಚ್ಚು ಬೆಳೆ ಬರುತ್ತದೆಯೇ ಎಂದು ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ದಂಟನ್ನು ಕೇಳಬೇಡಿ, ರಂಟೆ ಎಳೆಯುವ ಎತ್ತಿನ ಕಾಲನ್ನು ಕೇಳಿ ಎಂದರು. ಎತ್ತಿನ ಕಾಲಿಗೆ ನಾನು ಎದುರು ಹೇಳಲಾರದೆ ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಆ ಕೋನಮಾಪಕವನ್ನು ಬಸ್ಸಿನಲ್ಲಿ ಇಬ್ಬರ ನಡುವೆ ಕೂಡಿಸಿಕೊಂಡು ಹೋದೆವು. ಕಂಡಕ್ಟರ್ ಇದಕ್ಕೂ ಅರ್ಧ ಟಿಕೆಟ್ ತೆಗೆಸಬೇಕಾಗುತ್ತದೆ ಎಂದು ಚಾಷ್ಟಿ ಮಾಡಿದ. ಮಾಸ್ತರು ಖರೆ ಎಂದು ತಿಳಿದು ಕಿಸೆಗೆ ಕೈಹಾಕಿದರು. ಡಂಬಳದ ಹೊಲದಲ್ಲಿ ಒಂದು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೋನಮಾಪಕವನ್ನು ನೆಲಕ್ಕೆ ಹಚ್ಚಿ, ಕೆಸರಿನಲ್ಲಿ ಮೊಣಕಾಲೂರಿ ಅಳೆದರು. ನಾನು ಹುಟ್ಟಿದ್ದು ಕುರ್ತಕೋಟಿಯ ಎರೆಭೂಮಿಯಲ್ಲಿ. ನಮ್ಮಲ್ಲಿ ಹೊಲ ತಟ್ಟಿದ ರೊಟ್ಟಿಯ ಹಾಗೆ ಸಪಾಟು. ಆ ಇಳಿಜಾರಿನಲ್ಲಿ ದಾರ ಹಿಡಿದು ನಿಲ್ಲುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು. ಹತ್ತು ಕಡೆ ಅಳೆದು, ಸರಾಸರಿ ತೆಗೆದು, ಹನ್ನೊಂದು ಡಿಗ್ರಿ ಎಂದರು. ಕಣ್ಣುಮುಚ್ಚಿ ಹನ್ನೊಂದರ ಸೆಕ್ ಹೇಳಿದರು: ಒಂದು ಪಾಯಿಂಟ್ ಸೊನ್ನೆ ಒಂದು ಎಂಟು ಏಳು. ನಾಲ್ಕು ಎಕರೆಯೆಂದರೆ ನೂರಾ ಅರವತ್ತು ಗುಂಟೆ. ಓರೆಯ ಲೆಕ್ಕದಲ್ಲಿ ನೂರಾ ಅರವತ್ತಮೂರು. ಮೂರು ಗುಂಟೆ ಹೆಚ್ಚು. ಅದರಲ್ಲಿ ಅರ್ಧ, ಒಂದೂವರೆ ಗುಂಟೆ, ಅಣ್ಣನಿಗೆ ಸೇರಬೇಕು.

ಅಣ್ಣ ಕೇಳಿ ಕೆಂಡವಾದ. ಗುಡ್ಡ ತಗೊಂಡವನು ತಮ್ಮ, ಮೇಲೆ ಕೊಡುವವನೂ ತಮ್ಮ, ಹಾಗಾದರೆ ನಾನು ಯಾರು ಎಂದು ಕೇಳಿದ. ಕೊಡುವುದಿದ್ದರೆ ಇಳಿಜಾರಿನವನಿಗೆ ಬಯಲಿನವನೇ ಕೊಡಬೇಕು, ತಾನೇ ಎರಡು ಗುಂಟೆ ಬಿಟ್ಟುಕೊಡುತ್ತೇನೆ ಎಂದ. ಇವರು ಒಪ್ಪಲಿಲ್ಲ. ಸರಿ, ಜಗಳ ಗುಡಿಯ ಕಟ್ಟೆಯ ಮೇಲೆ ಹಿರಿಯರ ಮುಂದೆ ಹೋಯಿತು.

ಆ ಹಿರಿಯರ ಅವಸ್ಥೆ ನೋಡಿ ನನಗೆ ಅಯ್ಯೋ ಅನಿಸಿತು. ನನಗೆ ಹೆಚ್ಚು ಬೇಕು ಎನ್ನುವವರ ಜಗಳ ಬಗೆಹರಿಸಿ ಬಗೆಹರಿಸಿ ತಲೆ ನೆರೆತವರು ಅವರು. ನನಗೆ ಬೇಡ, ಅವನಿಗೆ ಕೊಡಿ ಎಂದು ಇಬ್ಬರೂ ಕಟ್ಟೆ ಗುದ್ದಿ ಕೂಗುವುದನ್ನು ಅವರು ಕಂಡೇ ಇರಲಿಲ್ಲ. ಯಾರನ್ನು ಗದರಿಸಬೇಕೆಂದು ತಿಳಿಯದೆ ಒಬ್ಬರು ಅಲ್ಲೇ ಮಲಗಿದ್ದ ನಾಯಿಯನ್ನು ಗದರಿಸಿದರು. ಕಡೆಗೆ ಪಂಚಾಯತಿ ಮೆಂಬರ್ ಒಬ್ಬ ಕಿಸೆಯಿಂದ ಹೊಸ ಮೊಬೈಲ್ ತೆಗೆದು, ಬಾಯಲ್ಲಿ ಯಾರು ಏನು ಬೇಕಾದರೂ ಹೇಳಬಹುದು, ಇದರಲ್ಲಿ ಮಾಡಿ ತೋರಿಸಿ ಎಂದ.

ಸೈನ್, ಕಾಸ್ ಗುಂಡಿಗಳು ಕಾಣಲೆಂದು ಮಾಸ್ತರು ಮೊಬೈಲ್ ಅಡ್ಡ ಹಿಡಿದರು. ಅದರಲ್ಲೂ ಸೆಕ್ ಇರಲಿಲ್ಲ. ಹಲ್ಲು ಕಚ್ಚಿಕೊಂಡು, ಒಂದು ಭಾಗಿಸು ಕಾಸ್ ಹನ್ನೊಂದು ಎಂದು ಒತ್ತಿದರು. ಉತ್ತರ ನೋಡಿ, ಕಣ್ಣು ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಮೆಂಬರ್ ಕಸಿದುಕೊಂಡು ನೋಡಿದ. ಇನ್ನೂರಾ ಇಪ್ಪತ್ತೈದು ಪಾಯಿಂಟ್ ಏನೋ ಇತ್ತು. ನಾಲ್ಕರಿಂದ ಗುಣಿಸಿ ಎಲ್ಲರಿಗೂ ಕೇಳುವಂತೆ ಓದಿದ. ಒಂಬೈನೂರಾ ಮೂರು ಎಕರೆ.

ಒಬ್ಬ ಹಿರಿಯರು, ಹಾಗಾದರೆ ಕೆರೆ ಆ ಹೊಲದ ಒಳಗೆ ಬರುತ್ತದೋ ಹೊರಗೋ ಎಂದು ವಿಚಾರಿಸಿದರು. ಇನ್ನೊಬ್ಬರು, ಗುಡ್ಡ ಹತ್ತಿ ಆ ಕಡೆ ಇಳಿದರೆ ಶಿರಹಟ್ಟಿಯ ಹದ್ದು ಮುಟ್ಟುತ್ತದೇನೋ ಎಂದು ಅಂದಾಜು ಹಾಕಿದರು. ಮಾಸ್ತರು ಫೋನು ತಪ್ಪಿದೆ, ಫೋನು ತಪ್ಪಿದೆ ಎಂದು ಬಡಕೊಂಡರು. ಮೆಂಬರನಿಗೆ ಅವಮಾನವಾಯಿತು. "ಇದು ಹೊಸಾ ಫೋನ್ ಐತ್ರಿ. ನೀವು ರಿಟೈರ್ ಆಗಾಕ ಬಂದ ಮಾಸ್ತರು. ಯಾರನ್ನ ನಂಬೂನು ಹೇಳ್ರಿ?" ಎಂದ. ಜನ ಹೊಟ್ಟೆ ಹಿಡಿದು ನಕ್ಕರು. ಅಣ್ಣನ ಪಾಲಿಗೆ ನಾನೂರಾ ಐವತ್ತು ಎಕರೆ ಕೊಡಬೇಕಾಗುತ್ತದಲ್ಲ, ಪುಣ್ಯವಂತ ಎಂದು ಯಾರೋ ಅಂದರು.

ಅಣ್ಣ ನಗಲಿಲ್ಲ. ಎದ್ದು ಹೆಗಲ ಮೇಲಿನ ಟವೆಲ್ ಝಾಡಿಸಿದ. "ತಮ್ಮಾ, ಮಂದ್ಯಾಗ ನನ್ನ ನಗಿಪಾಟಲ ಮಾಡಾಕ ಇಷ್ಟೆಲ್ಲಾ ಮಾಡಿದೇನು? ಇನ್ನ ನಿನ್ನ ಜೋಡಿ ನನ್ನ ಮಾತಿಲ್ಲ." ಅಷ್ಟು ಹೇಳಿ ಮನೆಯ ದಾರಿ ಹಿಡಿದ. ಮಾಸ್ತರು ಕೋನಮಾಪಕ ತಬ್ಬಿಕೊಂಡು ಅಲ್ಲೇ ಕೂತಿದ್ದರು.

ಗದಗದಿಂದ ಲಕ್ಷ್ಮೇಶ್ವರಕ್ಕೆ ಬರುವ ಬಸ್ಸಿನಲ್ಲಿ, ನಾನು ತೂಕಡಿಸುತ್ತಿದ್ದಾಗ, "ರೇಡಿಯನ್!" ಎಂದು ಚೀರಿದರು. ಡ್ರೈವರ್ ಬ್ರೇಕ್ ಹಾಕಿದ. ಕೋನವನ್ನು ಡಿಗ್ರಿಯಲ್ಲಷ್ಟೇ ಅಲ್ಲ, ರೇಡಿಯನ್ ಎಂಬ ಬೇರೆ ಮಾನದಲ್ಲೂ ಅಳೆಯುತ್ತಾರಂತೆ. ಮೆಂಬರನ ಫೋನು ಆ ಮಾನದಲ್ಲಿತ್ತಂತೆ. ಹನ್ನೊಂದು ರೇಡಿಯನ್ ಎಂದರೆ ಒಂದು ಸುತ್ತು ತಿರುಗಿ ಬಂದು ಹೆಚ್ಚುಕಡಿಮೆ ಗೋಡೆಯಂತೆ ನೆಟ್ಟಗೆ ನಿಂತುಬಿಡುತ್ತದಂತೆ. "ನಮ್ಮ ಹೊಲಾನ ಅದು ಗೋಡಿ ಅಂತ ತಿಳಕೊಂಡೈತಿ ಸರ್" ಎಂದು ಅಳುಮುಖ ಮಾಡಿದರು. ನಡುದಾರಿಯಲ್ಲೇ ಇಳಿದು ಹಿಂದಕ್ಕೆ ಹೋಗುತ್ತೇನೆಂದು ಹಟ ಹಿಡಿದವರನ್ನು ಅಂಗಿ ಜಗ್ಗಿ ಕೂಡಿಸಿದೆ.

ಮರುದಿನವೇ ಹೋದರು. ಫೋನನ್ನು ಡಿಗ್ರಿಗೆ ತಿರುಗಿಸಿ ಮೆಂಬರನಿಗೂ ಹಿರಿಯರಿಗೂ ತೋರಿಸಿದರು. ಒಂದು ಪಾಯಿಂಟ್ ಸೊನ್ನೆ ಒಂದು ಎಂಟು ಏಳು, ಬರೋಬ್ಬರಿ ಬಂತು. ಎಲ್ಲರೂ ಒಪ್ಪಿದರು. ಆದರೆ ಅಣ್ಣನಿಗೆ ತೋರಿಸಲು ಮನೆಗೆ ಹೋದರೆ ಹೊಲಕ್ಕೆ ಹೋಗಿದ್ದಾನೆ ಎಂದರು, ಹೊಲಕ್ಕೆ ಹೋದರೆ ಈಗಷ್ಟೇ ಮನೆಗೆ ಹೋದ ಎಂದರು. ಅಷ್ಟರಲ್ಲಿ ಊರವರು ಆ ಬಡಪಾಯಿಗೆ ನಾನೂರಾ ಐವತ್ತು ಎಕರೆ ಧಣಿ ಎಂದು ಹೆಸರಿಟ್ಟಾಗಿತ್ತು. ಹೋಟೆಲಿನಲ್ಲಿ ಚಹಾ ಕುಡಿಯಲು ಹೋದರೂ, ಬರ್ರಿ ಧಣಿ ಎನ್ನುತ್ತಿದ್ದರಂತೆ. ಸಿಟ್ಟು ಬಾರದೆ ಏನು ಬಂದೀತು?

ಮಾಸ್ತರು ಎರಡು ಹೊಲಗಳ ನಡುವೆ, ತಮ್ಮ ಕಡೆಯಿಂದ ಒಂದೂವರೆ ಗುಂಟೆ ಅಳೆದು, ಕಲ್ಲು ನೆಟ್ಟು ಬಿಟ್ಟರು. ಚಕ್ಕಡಿ ಹೋಗುವಷ್ಟು ಅಗಲದ ಒಂದು ಪಟ್ಟಿ. ಅದು ಅಣ್ಣನದೆಂದು ಇವರು ಬಿತ್ತಲಿಲ್ಲ. ತಮ್ಮನದೆಂದು ಅಣ್ಣ ಬಿತ್ತಲಿಲ್ಲ. ಈ ಕಡೆಯ ಎತ್ತೂ ಆ ಕಡೆಯ ಎತ್ತೂ ಆ ಕಲ್ಲಿನ ಹತ್ತಿರ ಬಂದು ತಿರುಗುತ್ತಿದ್ದವು. ಪಟ್ಟಿಯ ತುಂಬ ಕರಿಕೆ ಬೆಳೆಯಿತು, ಜಾಲಿ ಬೆಳೆಯಿತು, ಅದರೊಳಗೆ ಮೊಲ ಸೇರಿಕೊಂಡವು. ಸಾಲಿಯ ಮುಖ ಕಾಣದವರೂ ಅದನ್ನು ಸೆಕ್ ಪಟ್ಟಿ ಎಂದು ಕರೆಯತೊಡಗಿದರು. ಕುರಿ ಎಲ್ಲಿ ಹೋದವು ಎಂದರೆ ಸೆಕ್ ಪಟ್ಟಿಯಾಗ ಅದಾವ ಎನ್ನುತ್ತಿದ್ದರು. ಇದನ್ನು ಕೇಳಿದ ದಿನ ಮಾಸ್ತರಿಗೆ ಒಂದು ಕ್ಷಣ ಖುಷಿಯಾಯಿತು. "ನೋಡ್ರಿ, ಕಡೀಗೂ ಸೆಕ್ ಊರಿಗೆ ಗೊತ್ತಾತು" ಎಂದರು. ಆಮೇಲೆ ಮಧ್ಯಾಹ್ನದ ಬುತ್ತಿಯನ್ನು ಬಿಚ್ಚದೆ ಹಾಗೆಯೇ ಮನೆಗೆ ಒಯ್ದರು.

ಏಳೆಂಟು ವರ್ಷ ಹೀಗೇ ಹೋಯಿತು. ಇವರು ನಿವೃತ್ತರಾದರು. ನಡುವೆ ನನ್ನ ಪಾಡು ಯಾರಿಗೂ ಬೇಡ. ಒಮ್ಮೆ ಗದಗದ ಬಸ್‌ಸ್ಟ್ಯಾಂಡಿನಲ್ಲಿ ನಾನು, ಮಾಸ್ತರು ಕೂತಿದ್ದಾಗ ಅಣ್ಣ ಬಂದು, ಖಾಲಿ ಇದ್ದ ಬೇರೆ ಬೆಂಚುಗಳನ್ನೆಲ್ಲ ಬಿಟ್ಟು, ನನ್ನ ಇನ್ನೊಂದು ಮಗ್ಗುಲಲ್ಲಿ ಕೂತ. ಇಬ್ಬರೂ ಎದುರಿನ ಗೋಡೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅಣ್ಣ, "ಬಿಪಿ ಗುಳಿಗಿ ತಪ್ಪಸಬ್ಯಾಡ ಅಂತ ಹೇಳ್ರಿ ಅವರಿಗೆ" ಎಂದ. ನಾನು ಈ ಕಡೆ ತಿರುಗಿ, ಬಿಪಿ ಗುಳಿಗೆ ತಪ್ಪಿಸಬೇಡಿ ಎಂದೆ. ತಪ್ಪಿಸುವುದಿಲ್ಲ, ಅವರ ಮೊಣಕಾಲು ಹೇಗಿದೆ ಕೇಳಿ ಎಂದರು ಇವರು. ಆ ಕಡೆ ತಿರುಗಿ ಮೊಣಕಾಲು ಕೇಳಿದೆ. ಪಂಚಮಿ ಹತ್ತಿರವಿತ್ತು. ಅಣ್ಣ ಗಂಟು ಬಿಚ್ಚಿ ಒಂದು ಡಬ್ಬಿ ಶೇಂಗಾ ಉಂಡಿ ತೆಗೆದು ನನ್ನ ತೊಡೆಯ ಮೇಲಿಟ್ಟ. ಇದು ನಿಮಗೆ ಎಂದ. ನನಗೆ ಸಕ್ಕರೆ ಕಾಯಿಲೆ ಇರುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಸ್ಸು ಬರುವುದರೊಳಗೆ ಮಾಸ್ತರು ಅದರಲ್ಲಿ ನಾಲ್ಕು ತಿಂದಿದ್ದರು. ತಿನ್ನುವಾಗ ಕಣ್ಣಲ್ಲಿ ನೀರು ಬಂತು. ಅಣ್ಣ ನೋಡಿದ, ನೋಡದವನಂತೆ ಎದ್ದು ಹೋದ. ನನ್ನ ಕುತ್ತಿಗೆ ಎರಡು ದಿನ ಹಿಡಿದುಕೊಂಡಿತ್ತು.

ಕಳೆದ ದೀಪಾವಳಿಯ ಹೊತ್ತಿಗೆ ಮಾಸ್ತರು ಬಹಳ ಇಳಿದುಹೋಗಿದ್ದರು. ಎದೆನೋವು ಎನ್ನುತ್ತಿದ್ದರು. ನೋಡಲು ಹೋದಾಗ ಹೆಂಡತಿಯನ್ನು ಚಹಾಕ್ಕೆ ಒಳಗೆ ಕಳಿಸಿ, ನನ್ನನ್ನು ಹತ್ತಿರ ಕರೆದರು. "ಅಣ್ಣ ಪಟ್ಟಿ ತಗೊಳ್ಳೋದು ಬ್ಯಾಡ ಸರ್. ಮಾತಾಡಿದ್ರ ಸಾಕು. ಬೇಕಾದ್ರ ಅದ ಕಟ್ಟಿ ಮ್ಯಾಲ ನಿಂತು, ಹನ್ನೊಂದರ ಸೆಕ್ ಒಂದು, ಹೆಚ್ಚಿಗೆ ಏನೂ ಇಲ್ಲ, ನಂದ ಸುಳ್ಳು ಅಂತ ಹೇಳ್ತೀನಿ. ಹೋಗಿ ತಿಳಸ್ರಿ."

ಬೇರೆ ಯಾರಾದರೂ ಹಾಗೆಂದಿದ್ದರೆ ಅದು ಒಂದು ಮಾತಷ್ಟೇ ಆಗುತ್ತಿತ್ತು. ಈ ಮನುಷ್ಯನಿಗೆ ಅದು ಏನೆಂದು ನನಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಡಂಬಳಕ್ಕೆ ಹೋದೆ.

ಅಣ್ಣ ದನದ ಕೊಟ್ಟಿಗೆಯಲ್ಲಿದ್ದ. ಎಲ್ಲವನ್ನೂ ಕೇಳಿದ. ಬಹಳ ಹೊತ್ತು ಎಮ್ಮೆಯ ಬೆನ್ನು ತಿಕ್ಕುತ್ತ ನಿಂತ. "ನನ್ನ ಸಲುವಾಗಿ ಅಂವ ಸುಳ್ಳ ಹೇಳೋದು ಬ್ಯಾಡ್ರಿ" ಎಂದ. "ಅವನ ಲೆಕ್ಕ ಖರೇನ ಇರ್ತೈತಿ. ಸಣ್ಣಾಂವ ಇದ್ದಾಗಿಂದ ಅವನ ಲೆಕ್ಕ ತಪ್ಪಿಲ್ಲ. ಆದರ ಪಟ್ಟಿ ಅವಂದ, ನಾ ತಗೊಳ್ಳಂಗಿಲ್ಲ."

ನನಗೆ ರೇಗಿಹೋಯಿತು. ಲೆಕ್ಕ ಖರೆ ಎನ್ನುತ್ತೀರಿ, ತಗೊಳ್ಳುವುದಿಲ್ಲ ಎನ್ನುತ್ತೀರಿ, ಹೋಗಲಿ ಒಂದು ಮಾತು ಫೋನಿನಲ್ಲಿ ಆಡಲು ನಿಮ್ಮ ಗಂಟೇನು ಹೋಗುತ್ತದೆ ಎಂದು ಬಾಯಿಗೆ ಬಂದ ಹಾಗೆ ಬೈದೆ. ಮಾತಾಡಿದರೆ ಅವನು ಮೊದಲು ಪಟ್ಟಿಯ ಮಾತೇ ತೆಗೆಯುತ್ತಾನೆ, ಅವನ ದನಿ ಕೇಳಿದರೆ ತನಗೆ ಇಲ್ಲ ಎನ್ನಲು ಆಗುವುದಿಲ್ಲ, ಅದಕ್ಕೇ ಇಷ್ಟು ವರ್ಷ ಮಾತು ಬಿಟ್ಟದ್ದು ಎಂದ. ಆಮೇಲೆ, ಈ ಶನಿವಾರ ತಾನೇ ಲಕ್ಷ್ಮೇಶ್ವರಕ್ಕೆ ಬರುತ್ತೇನೆ, ಅವನಿಗೆ ಹೇಳಬೇಡಿ ಎಂದ. ನಾನು ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ಅವಲಕ್ಕಿ ತಿಂದು, ಕೈ ತೊಳೆಯಲು ಎದ್ದ ಮಾಸ್ತರು ಅಲ್ಲೇ ಕುಸಿದರಂತೆ. ನಾನು ಓಡಿಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವರ ಮಂದಿ ಮಣ್ಣು ಮಾಡುವುದು ಸ್ವಂತ ಹೊಲದಲ್ಲಿ. ಹೆಣವನ್ನು ಡಂಬಳಕ್ಕೆ ಒಯ್ದೆವು. ಮಾಸ್ತರ ಪಾಲಿನ ಇಳಿಜಾರಿನಲ್ಲಿ ಬೇವಿನ ಮರದ ಬುಡಕ್ಕೆ ಆಗಲೇ ಕುಣಿ ತೋಡಲು ಶುರು ಮಾಡಿದ್ದರು. ಮೊಣಕಾಲುದ್ದ ಆಗಿತ್ತು. ಅಣ್ಣ ಬಂದ. ಅಳುತ್ತಿರಲಿಲ್ಲ. ಅಲ್ಲಿ ಬೇಡ, ಮುಚ್ಚಿರಿ ಎಂದ. ತೋಡುವವರು ಗುದ್ದಲಿ ಹಿಡಿದು ನಿಂತರು. ಅವನು ಸೆಕ್ ಪಟ್ಟಿಯ ಕಡೆ ನಡೆದ. ಕುಡಗೋಲಿನಿಂದ ಕರಿಕೆ ಕೊಯ್ದ, ಜಾಲಿ ಕಡಿದ. ಅಂಗೈಗೆ ಮುಳ್ಳು ಹೊಕ್ಕು ರಕ್ತ ಬಂದರೂ ಯಾರಿಗೂ ಕೈ ಹಚ್ಚಗೊಡಲಿಲ್ಲ. ಒಬ್ಬ ಮನುಷ್ಯನಿಗೆ ಬೇಕಾದಷ್ಟು ನೆಲ ಸ್ವಚ್ಛವಾದ ಮೇಲೆ ಇಲ್ಲಿ ತೋಡಿರಿ ಎಂದ.

ಅವತ್ತು ಫೋನು ಕೊಟ್ಟಿದ್ದ ಮೆಂಬರನೂ ಬಂದಿದ್ದ. ಅವನು ಮೆಲ್ಲಗೆ, ಇದು ಯಾರದೆಂದು ಇನ್ನೂ ಬಗೆಹರಿದಿಲ್ಲವಲ್ಲ ಎಂದ. ಅಣ್ಣ ಅವನ ಕಡೆ ನೋಡಲೂ ಇಲ್ಲ.

ಕುಣಿಯಲ್ಲಿ ಮಾಸ್ತರನ್ನು ಕೂಡಿಸಿದರು. ವಿಭೂತಿ, ಪತ್ರಿ ಹಾಕಿದರು. ಒಬ್ಬೊಬ್ಬರೇ ಮಣ್ಣು ಕೊಟ್ಟೆವು. ನನಗೆ ಅಳು ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಕೊನೆಗೆ ಅಣ್ಣ ಬಂದ. ಮೊಣಕಾಲು ಮಡಚಲು ಬಾರದ ಮನುಷ್ಯ, ಇಬ್ಬರು ಹಿಡಿದು ಕೂಡಿಸಬೇಕಾಯಿತು. ಎರಡೂ ಕೈಯಿಂದ ಮಣ್ಣು ತುಂಬಿಕೊಂಡು ಕುಣಿಯೊಳಗೆ ಬಗ್ಗಿದ. ನಡುವೆ ಯಾರನ್ನೂ ಇಟ್ಟುಕೊಳ್ಳದೆ, ನೇರ ತಮ್ಮನ ಮುಖ ನೋಡಿ ಮಾತಾಡಿದ.

"ತಗೋ ತಮ್ಮಾ, ನಿಂದು ನಿನಗ. ಇನ್ನ ಹೆಂಗ ತಿರುಗಿ ಕೊಡ್ತಿ, ಕೊಡು ನೋಡೋಣು."